ಹನ್ನೆರಡು ಹಲ್ಲಿನ ಚಕ್ರ

ಬೈಕಿನಲ್ಲಿ ಎರಡು ಹಲ್ಲಿನ ಚಕ್ರಗಳಿರುತ್ತವೆ. ಒಂದು ಗೇರ್‌ಬಾಕ್ಸಿನ ಪಕ್ಕದಲ್ಲಿ, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಸಣ್ಣದು. ಇನ್ನೊಂದು ಹಿಂದಿನ ಗಾಲಿಗೆ ಅಂಟಿಕೊಂಡಿರುತ್ತದೆ, ತಿಂಡಿ ತಟ್ಟೆಯಷ್ಟು ಅಗಲ. ಎರಡನ್ನೂ ಸುತ್ತಿಕೊಂಡು ಚೈನು ಓಡುತ್ತದೆ. ಸ್ಪ್ರಾಕೆಟ್ ಎಂದು ಇವಕ್ಕೆ ಹೆಸರು. ಈ ವರ್ಷ ಮೂರು ತಿಂಗಳನ್ನು ನಾನು ಇವುಗಳ ಹಲ್ಲು ಎಣಿಸುವುದರಲ್ಲಿ ಕಳೆದೆ. ಪಠ್ಯಪುಸ್ತಕಗಳ ಕರಡು ತಿದ್ದುವ ನಲವತ್ತೊಂದು ವರ್ಷದ ಹೆಂಗಸಿಗೆ ಇದೇನು ಹುಚ್ಚು ಅಂತ ಅಣ್ಣ ಕೇಳಿದ. ಕರಡು ತಿದ್ದುವವಳು ಎಣಿಸದೆ ಇನ್ಯಾರು ಎಣಿಸಬೇಕು ಅಂದೆ.

ನಾನಿರುವುದು ಬೆಂಗಳೂರಿನಲ್ಲಿ. ಅಮ್ಮ ಇರುವುದು ಹೊಸನಗರದಿಂದಲೂ ಆಚೆ, ಡಾಂಬರು ರಸ್ತೆ ಮುಗಿದ ಮೇಲೆ ಐದು ಕಿಲೋಮೀಟರು ಮಣ್ಣಿನ ದಾರಿಯಲ್ಲಿ ಹೋದರೆ ಸಿಗುವ ಮನೆಯಲ್ಲಿ. ನಮ್ಮ ತಾಲ್ಲೂಕಿನ ಭೂಪಟ ನೋಡಿದರೆ ಎಲ್ಲಿ ನೋಡಿದರೂ ನೀರು. ಲಿಂಗನಮಕ್ಕಿ, ಚಕ್ರಾ, ಸಾವೆಹಕ್ಲು, ಮಾಣಿ ಅಂತ ಒಂದಾದ ಮೇಲೊಂದು ಅಣೆಕಟ್ಟಿನ ಹಿನ್ನೀರು. ಲಿಂಗನಮಕ್ಕಿ 1964ರಲ್ಲಿ ತುಂಬಿದಾಗ ಹಳೆಯ ದಾರಿಗಳು ಎಷ್ಟೋ ಮುಳುಗಿದವು. ಉಳಿದ ಊರುಗಳಿಗೆ ಸುತ್ತುಬಳಸಿ ಹೊಸ ದಾರಿಗಳು ಹುಟ್ಟಿದವು. ಅಂಥ ದಾರಿಗಳಲ್ಲಿ ಎಲ್ಲವೂ ಡಾಂಬರು ಕಂಡಿಲ್ಲ. ನಮ್ಮದಂತೂ ಜಂಬಿಟ್ಟಿಗೆ ಮಣ್ಣು. ಬೇಸಿಗೆಯಲ್ಲಿ ಇಟ್ಟಿಗೆಯಂತೆ ಗಟ್ಟಿ, ಕೆಂಪು ಧೂಳು. ಜೂನ್ ಎರಡನೇ ವಾರದ ಹೊತ್ತಿಗೆ ಅದೇ ಮಣ್ಣು ಮೇಲೆ ಎರಡಿಂಚು ಬೆಣ್ಣೆ, ಒಳಗೆ ಕಲ್ಲು. ನಡುವೆ ಒಂದು ಹಳ್ಳ. ಜನಕ್ಕೆ ಸಂಕ, ವಾಹನಕ್ಕೆ ನೀರೇ ಗತಿ. ಹಳ್ಳ ದಾಟಿದ ಕೂಡಲೇ ಗೋಳಿಮರದ ಏರು.

ಹೋದ ವರ್ಷ ಜುಲೈನಲ್ಲಿ ಒಂದು ರಾತ್ರಿ ಅಮ್ಮನಿಗೆ ಉಬ್ಬಸ ಜೋರಾಯಿತು. ಪಕ್ಕದ ಮನೆಯವರು ಫೋನು ಮಾಡಿದಾಗ ಹತ್ತು ಗಂಟೆ. ಸಿಕ್ಕ ಬಸ್ಸು ಹತ್ತಿ, ಬೆಳಗಿನ ಜಾವ ಹೊಸನಗರದಲ್ಲಿ ಇಳಿದು, ನೆಂಟರೊಬ್ಬರ ಮಾಮೂಲಿ ಬೈಕು ಕೇಳಿ ಪಡೆದು ಹೊರಟೆ. ಹಳ್ಳದ ತನಕ ಅದು ಬಂತು. ಏರಿನಲ್ಲಿ ಹಿಂದಿನ ಗಾಲಿ ತಿರುಗುತ್ತಲೇ ಇತ್ತು, ಬೈಕು ಮಾತ್ರ ಮುಂದೆ ಹೋಗಲಿಲ್ಲ. ಟಯರಿಗೂ ಮಡ್‌ಗಾರ್ಡಿಗೂ ನಡುವೆ ಕೆಸರು ತುಂಬಿ, ಕೊನೆಗೆ ಮುಂದಿನ ಗಾಲಿ ತಿರುಗುವುದೂ ನಿಂತಿತು. ಬೈಕನ್ನು ಅಲ್ಲೇ ಬರೆಗೆ ಒರಗಿಸಿ ನಡೆದೆ. ಮೊದಲ ತಿರುವಿನಲ್ಲಿ ಎದುರಿನಿಂದ ಪಕ್ಕದ ಮನೆಯವರ ಪಿಕಪ್ಪು ಇಳಿದು ಬರುತ್ತಿತ್ತು, ಗಾಲಿಗಳಿಗೆ ಕಬ್ಬಿಣದ ಸರಪಳಿ ಬಿಗಿದುಕೊಂಡು. ಮುಂದಿನ ಸೀಟಿನಲ್ಲಿ ಕಂಬಳಿ ಹೊದ್ದ ಅಮ್ಮ. ಆ ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಗಾಡಿ ಅಡ್ಡ ತಿರುಗುತ್ತದೆ ಅಂತ ಅವರು ನಿಲ್ಲಿಸಲಿಲ್ಲ. ನಾನು ಬರೆಗೆ ಅಂಟಿ ನಿಂತೆ, ಅಮ್ಮ ಗಾಜಿನೊಳಗಿಂದ ನನ್ನನ್ನು ನೋಡುತ್ತ ಹಾದುಹೋದಳು. ಹಳ್ಳದ ಆಚೆ ಸಮತಟ್ಟಿನಲ್ಲಿ ನಿಲ್ಲಿಸಿದರು. ಓಡಿ ಹೋಗಿ ಹಿಂದೆ ಹತ್ತಿಕೊಂಡೆ.

ಆಸ್ಪತ್ರೆಯಲ್ಲಿ ಐದು ದಿನ. ಅಮ್ಮ ಚೇತರಿಸಿಕೊಂಡಳು. ಬೆಂಗಳೂರಿಗೆ ಬಾ ಅಂದದ್ದಕ್ಕೆ, “ಕೊಳೆ ಔಷಧಿ ಎರಡನೇ ಸಲ ಹೊಡೆಸ್ಬೇಕು, ಈಗ ಎಂತ ಬರೂದು ಮಾರಾಯ್ತಿ” ಅಂದಳು. ಆ ಮಾತಿಗೆ ಎದುರಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಹಾಗಾಗಿ ಬೈಕು.

ಅಡ್ವೆಂಚರ್ ಮೋಟಾರ್‌ಸೈಕಲ್ ಅಂತ ಕಂಪನಿಗಳು ಯಾವುದನ್ನು ಕರೆಯುತ್ತವೋ ಅದರ ಜಾಹೀರಾತಿನಲ್ಲೆಲ್ಲ ಲಡಾಖ್, ಸ್ಪಿತಿ, ಹಿಮ, ಗಡ್ಡ ಬಿಟ್ಟ ಗಂಡಸರು. ಹಾಲು ಡೈರಿಗೆ ಹೋಗುವ ದಾರಿಯನ್ನು ಸಾಹಸ ಅಂತ ಯಾರೂ ಚಿತ್ರ ತೆಗೆದದ್ದು ನಾನು ಕಂಡಿಲ್ಲ. ನನ್ನ ಮುಂದೆ ಇದ್ದದ್ದು ಎರಡೇ. ಹಿಮಾಲಯನ್ 450: 452 ಸಿಸಿ, 40 ಪಿಎಸ್ ಶಕ್ತಿ, ಹೆದ್ದಾರಿಯಲ್ಲಿ ಇದರ ಮುಂದೆ ಇನ್ನೊಂದು ಸಪ್ಪೆ. ತೂಕ 196 ಕೆಜಿ. ಎಕ್ಸ್‌ಪಲ್ಸ್ 200 4ವಿ: 199.6 ಸಿಸಿ, ಶಕ್ತಿ ಅದರ ಅರ್ಧಕ್ಕಿಂತ ಕಡಿಮೆ, ತೂಕ ಸುಮಾರು 160 ಕೆಜಿ. ಎರಡಕ್ಕೂ ಮುಂದೆ 21 ಇಂಚಿನ ದೊಡ್ಡ ಗಾಲಿ, ಎರಡರ ಸೀಟೂ 825 ಮಿಲಿಮೀಟರು ಎತ್ತರ. ಎಕ್ಸ್‌ಪಲ್ಸಿನಲ್ಲೇ ಪ್ರೋ ಅಂತ ಇನ್ನೊಂದಿದೆ, ಸಸ್ಪೆನ್ಷನ್ ಉದ್ದ, ಸೀಟು 891 ಮಿಲಿಮೀಟರು. ನನ್ನ ಐದು ಅಡಿ ಮೂರು ಇಂಚಿಗೆ ಅದರ ಮೇಲೆ ಕೂತರೆ ಕಾಲು ಗಾಳಿಯಲ್ಲಿ. ಕೆಸರಿನಲ್ಲಿ ಬೈಕು ಬೀಳುತ್ತದೆ. ಬಿದ್ದಾಗ ಎತ್ತುವವಳು ನಾನು. ಆ 36 ಕೆಜಿ ಒಂದೂವರೆ ಮೂಟೆ ಅಕ್ಕಿ. ನಿರ್ಧಾರ ಅಲ್ಲಿಗೆ ಮುಗಿಯಿತು, ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಮುಗಿಯದೆ ಉಳಿದದ್ದು ಹಲ್ಲಿನ ವಿಷಯ.

ಕಾರ್ಖಾನೆಯಿಂದ ಬರುವಾಗ ಇದರ ಮುಂದಿನ ಚಕ್ರಕ್ಕೆ 13 ಹಲ್ಲು, ಹಿಂದಿನದಕ್ಕೆ 40. ಮುಂದಿನದು ಮೂರು ಸುತ್ತು ತಿರುಗಿ ಮೇಲೆ ಸ್ವಲ್ಪ ತಿರುಗಿದರೆ ಹಿಂದಿನ ಗಾಲಿ ಒಂದು ಸುತ್ತು; 40ನ್ನು 13ರಿಂದ ಭಾಗಿಸಿದರೆ 3.08. ಮುಂದೆ 14 ಹಾಕಿದರೆ ಇದು 2.86ಕ್ಕೆ ಇಳಿಯುತ್ತದೆ. 12 ಹಾಕಿದರೆ 3.33ಕ್ಕೆ ಏರುತ್ತದೆ. ಒಂದೇ ಹಲ್ಲು, ನೂರಕ್ಕೆ ಏಳೆಂಟರ ವ್ಯತ್ಯಾಸ. ಇದೇ ಬದಲಾವಣೆಯನ್ನು ಹಿಂದಿನ ಚಕ್ರದಲ್ಲಿ ಮಾಡಬೇಕಾದರೆ ಮೂರು ಹಲ್ಲು ಬೇಕು. ಮುಂದಿನದು ಅಗ್ಗ, ಬದಲಿಸುವುದು ಸುಲಭ, ಹಾಗಾಗಿ ಎಲ್ಲರ ಕಣ್ಣೂ ಅದರ ಮೇಲೆ.

ಗೇರಿರುವ ಸೈಕಲ್ ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಏರಿಗೆ ಒಂದು, ಬಯಲಿಗೆ ಒಂದು. ಬೈಕಿನೊಳಗೂ ಐದು ಗೇರುಗಳಿವೆ ನಿಜ, ಆದರೆ ಈ ಎರಡು ಚಕ್ರಗಳ ಲೆಕ್ಕ ಐದಕ್ಕೂ ಒಟ್ಟಿಗೇ ಅನ್ವಯಿಸುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರು ಹೋಗುವಾಗ ಎಂಜಿನ್ನು ನಿಮಿಷಕ್ಕೆ 6500 ಸುತ್ತು ತಿರುಗುತ್ತಿದೆ ಅಂತ ಇಟ್ಟುಕೊಳ್ಳಿ. 14 ಹಲ್ಲಿಗೆ ಅದು ಸುಮಾರು 6040 ಆಗುತ್ತದೆ, 12ಕ್ಕೆ 7040. ಸಾವಿರ ಸುತ್ತಿನ ಈ ಅಂತರ ಕಾಗದದ ಮೇಲೆ ಕಾಣಿಸುವಷ್ಟು ಸಣ್ಣದಲ್ಲ. ಆರೇಳು ಗಂಟೆ ಅಂಗೈಗೆ, ಪೃಷ್ಠಕ್ಕೆ, ಕಿವಿಗೆ ತಗಲುವ ನಡುಕದ ಅಂತರ ಅದು.

ಇನ್ನು ಏರು. ಎಂಜಿನ್ನು ಆರದೆ ತಿರುಗಬೇಕಾದರೆ ಅದಕ್ಕೊಂದು ಕನಿಷ್ಠ ವೇಗ ಬೇಕು. ಮೊದಲ ಗೇರಿನಲ್ಲಿ ಕ್ಲಚ್ಚನ್ನು ಪೂರ್ತಿ ಬಿಟ್ಟರೆ ಆ ಕನಿಷ್ಠಕ್ಕೆ ತಕ್ಕ ಒಂದು ನಡಿಗೆ ಬರುತ್ತದೆ. ಅದಕ್ಕಿಂತ ನಿಧಾನ ಹೋಗಬೇಕೆಂದರೆ ಕ್ಲಚ್ಚನ್ನು ಅರ್ಧ ಹಿಡಿದು ಜಾರಿಸುತ್ತ ಹೋಗಬೇಕು. ಗೋಳಿಮರದ ಏರಿನಷ್ಟು ಉದ್ದಕ್ಕೂ ಹಾಗೆ ಮಾಡಿದರೆ ಕ್ಲಚ್ಚು ಸುಟ್ಟ ವಾಸನೆ ಬರುತ್ತದೆ. 12 ಹಲ್ಲು ಹಾಕಿದರೆ ಆ ನಡಿಗೆ ಇನ್ನೂ ನಿಧಾನ, ಎಳೆತ ನೂರಕ್ಕೆ ಎಂಟರಷ್ಟು ಹೆಚ್ಚು. ಎಂಟು ಅಂದರೆ ಎಷ್ಟು ಅಂತ ತಿಳಿಯಲು ನಾನು ಒಂದು ಲೆಕ್ಕ ಹಾಕಿದೆ. ಬೈಕು 160, ನಾನು 58, ಅಮ್ಮ 52, ಚೀಲ 10, ಒಟ್ಟು 280 ಕೆಜಿ. ಒಂದು ಹಲ್ಲು ಕಡಿಮೆ ಮಾಡಿದರೆ ಅದೇ ಏರಿನಲ್ಲಿ ಎಂಜಿನ್ನಿಗೆ 21 ಕೆಜಿ ಇಳಿಸಿದಷ್ಟು ಹಗುರ. ಚೀಲವನ್ನೂ ನನ್ನ ಐದರಲ್ಲೊಂದು ಪಾಲನ್ನೂ ಕೆಳಗಿಟ್ಟು ಹೋದಂತೆ.

ಹಾಗಾದರೆ 12 ಅಂತ ಥಟ್ಟನೆ ಹೇಳಬಹುದು. ಆದರೆ ಬೆಂಗಳೂರಿನಿಂದ ಮನೆಗೆ ಹತ್ತಿರ ಹತ್ತಿರ 380 ಕಿಲೋಮೀಟರು. ಅದರಲ್ಲಿ ಮಣ್ಣು ಐದು. ನೂರರಲ್ಲಿ ಒಂದು ಪಾಲು ಚಿಲ್ಲರೆ. ಒಂದು ಪಾಲಿಗಾಗಿ ತೊಂಬತ್ತೊಂಬತ್ತು ಪಾಲನ್ನು ಹಿಂಸೆ ಮಾಡಿಕೊಳ್ಳುವುದೇ? ಅಥವಾ ಆ ಒಂದು ಪಾಲು ದಾಟಲಾಗದಿದ್ದರೆ ಮಿಕ್ಕ ತೊಂಬತ್ತೊಂಬತ್ತಕ್ಕೆ ಅರ್ಥವೇನು? ತಿಂಗಳುಗಟ್ಟಲೆ ನಾನು ಇವೆರಡರ ನಡುವೆ ಓಲಾಡಿದೆ. ನಿಜ ಹೇಳಬೇಕೆಂದರೆ ಹೆದ್ದಾರಿಯ ಆಸೆಯೂ ಇತ್ತು. ಕತ್ತಲಿರುವಾಗಲೇ ತುಮಕೂರು ದಾಟಿ, ತಿಪಟೂರಿನ ತೆಂಗಿನ ತೋಟಗಳ ನಡುವೆ ಬೆಳಗಾಗಿ, ಕಡೂರು ಕಳೆದ ಮೇಲೆ ಎಡಕ್ಕೆ ಬಾಬಾಬುಡನ್ ಸಾಲು ನೀಲಿಯಾಗಿ ಏಳುವುದನ್ನು ಬಸ್ಸಿನ ಕಿಟಕಿಯಿಂದ ಇಪ್ಪತ್ತು ವರ್ಷ ನೋಡಿದ್ದೇನೆ. ಒಂದು ಸಲ ಕಿಟಕಿಯಿಲ್ಲದೆ ನೋಡಬೇಕಿತ್ತು.

ಟಯರೂ ಇದೇ ಜಗಳ, ಬೇರೆ ಭಾಷೆಯಲ್ಲಿ. ಡಾಂಬರಿಗೆ ಬೇಕಾದದ್ದು ನೆಲಕ್ಕೆ ಹೆಚ್ಚು ರಬ್ಬರು ತಾಗುವುದು, ಸಣ್ಣ ಗೆರೆಗಳಲ್ಲಿ ನೀರು ಹರಿದು ಹೋಗುವುದು. ಕೆಸರಿಗೆ ಬೇಕಾದದ್ದು ಎತ್ತರದ ಗುಬ್ಬಿಗಳು, ಅವುಗಳ ನಡುವೆ ಅಗಲವಾದ ಖಾಲಿ ಜಾಗ. ಗುಬ್ಬಿ ಮಣ್ಣನ್ನು ಕಚ್ಚುತ್ತದೆ, ಖಾಲಿ ಜಾಗ ಕಚ್ಚಿದ್ದನ್ನು ಉಗುಳುತ್ತದೆ. ಉಗುಳುವುದು ಕಚ್ಚುವುದಕ್ಕಿಂತ ಮುಖ್ಯ ಅಂತ ನನಗೆ ಅನಿಸುತ್ತದೆ. ಜುಲೈನಲ್ಲಿ ನೆಂಟರ ಬೈಕಿನ ಟಯರು ಮೊದಲ ನೂರು ಅಡಿಗೇ ನುಣ್ಣಗೆ ಕೆಂಪು ಲಾಡಿನಂತಾಗಿತ್ತು. ಆದರೆ ಅದೇ ಗುಬ್ಬಿ ಟಯರು ಒದ್ದೆ ಡಾಂಬರಿನ ಮೇಲೆ ಬ್ರೇಕು ಹಾಕಿದಾಗ ಬಗ್ಗುತ್ತದೆ, ಜಾರುತ್ತದೆ, ಹೆದ್ದಾರಿಯಲ್ಲಿ ಬೇಗ ಸವೆಯುತ್ತದೆ, ಗುಂಯ್‌ಗುಡುತ್ತದೆ. ಎರಡಕ್ಕೂ ಅರ್ಧರ್ಧ ಅನ್ನುವವೂ ಇವೆ. ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ನೆಲವಿದೆ, ಹಾವಸೆ ಕಟ್ಟಿದ ಕಲ್ಲು. ಅದರ ಮೇಲೆ ಯಾವ ದೇಶದ, ಯಾವ ಬೆಲೆಯ ಟಯರೂ ನಿಲ್ಲುವುದಿಲ್ಲ. ಅಲ್ಲಿ ಇಳಿದು ದೂಡುವುದೇ ಸರಿ.

ಟಯರಿನ ಪಕ್ಕೆಯ ಮೇಲಿನ ಅಕ್ಷರಗಳನ್ನು ಓದುವುದು ಕರಡು ತಿದ್ದುವವಳಿಗೆ ಒಳ್ಳೆಯ ಕಾಲಕ್ಷೇಪ. 120/80-18 ಅಂದರೆ ಅಗಲ 120 ಮಿಲಿಮೀಟರು, ಎತ್ತರ ಆ ಅಗಲದ ನೂರಕ್ಕೆ 80, ರಿಮ್ಮು 18 ಇಂಚು. ಮುಂದಿನ ಅಂಕೆ ಭಾರದ್ದು, 62 ಅಂದರೆ 265 ಕೆಜಿ. ಅಕ್ಷರ ವೇಗದ್ದು, ಪಿ ಅಂದರೆ 150. ಇನ್ನೊಂದು ಕಡೆ ನಾಲ್ಕು ಅಂಕೆ ಇರುತ್ತದೆ, 2324 ಅಂತ ಇದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಹೊಸ ಬೈಕು ಕೊಳ್ಳುವವರು ಇದೊಂದನ್ನಾದರೂ ಬಗ್ಗಿ ನೋಡಿ. ಈ ಓದಿನಲ್ಲೇ ನನಗೆ ತಿಳಿದದ್ದು, ಟಯರೂ ಹಲ್ಲೂ ಎರಡು ಬೇರೆ ಪ್ರಶ್ನೆಗಳಲ್ಲ ಅಂತ. 120/80ರ ಬದಲು 120/90 ಹಾಕಿದರೆ ಗಾಲಿಯ ವ್ಯಾಸ 649 ಮಿಲಿಮೀಟರಿನಿಂದ 673ಕ್ಕೆ ಏರುತ್ತದೆ. ನೂರಕ್ಕೆ ಮೂರೂಮುಕ್ಕಾಲರಷ್ಟು. ಅಂದರೆ ಮುಂದಿನ ಚಕ್ರಕ್ಕೆ ಅರ್ಧ ಹಲ್ಲು ಸೇರಿಸಿದಂತೆ. ಕೆಸರಿಗೆಂದು ಎತ್ತರದ ಗುಬ್ಬಿ ಟಯರು ಹಾಕಿಕೊಂಡವರು ತಮಗರಿವಿಲ್ಲದೆ ಏರಿನ ಎಳೆತವನ್ನು ಅಷ್ಟು ಕಳೆದುಕೊಂಡಿರುತ್ತಾರೆ.

ಇದನ್ನೆಲ್ಲ ಶೋರೂಮಿನಲ್ಲಿ ಕೇಳಿದೆ. ಅಲ್ಲಿದ್ದ ಹುಡುಗ ಪ್ರತಿ ಉತ್ತರವನ್ನೂ ನನ್ನ ಜೊತೆ ಬಂದಿದ್ದ ಅಣ್ಣನ ಮುಖ ನೋಡಿ ಹೇಳಿದ. ಅಣ್ಣನಿಗೆ ಗೇರಿಲ್ಲದ ಸ್ಕೂಟರು ಬಿಟ್ಟರೆ ಬೇರೆ ಬಾರದು. “ಸ್ಪ್ರಾಕೆಟ್ ಚೇಂಜ್ ಮಾಡಿದ್ರೆ ವಾರಂಟಿ ಪ್ರಾಬ್ಲಮ್ ಆಗುತ್ತೆ ಸಾರ್” ಅಂತ ಅವನಿಗೆ ಎಚ್ಚರಿಕೆ ಕೊಟ್ಟ. ಅಣ್ಣ ಗಂಭೀರವಾಗಿ ತಲೆಯಾಡಿಸಿದ.

ಗಂಟು ಬಿಡಿಸಿದ್ದು ಹೊಸನಗರದ ಒಬ್ಬ ಮೆಕ್ಯಾನಿಕ್ಕು. ಅರವತ್ತು ದಾಟಿದವರು. ನಾನು ನೋಟ್‌ಪುಸ್ತಕ ತೆಗೆದು 12, 13, 14 ಅಂತ ಹೇಳುತ್ತಿದ್ದರೆ ಅವರು ಒಂದು ಎಕ್ಸೆಲ್ ಸೂಪರಿನ ಕಾರ್ಬುರೇಟರ್ ಊದುತ್ತಿದ್ದರು. ಟಿವಿಎಸ್ಸಿನ ಈ ಮೊಪೆಡ್ಡಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಗೇರು ಒಂದೇ, 16 ಇಂಚಿನ ಸಪೂರ ಗಾಲಿ, ಈಗಿನ 100 ಸಿಸಿಯದ್ದೂ 90 ಕೆಜಿಯೊಳಗೆ. ಎರಡು ಸಿಲಿಂಡರು, ಒಂದು ಮೂಟೆ ಹಿಂಡಿ, ಮೇಲೊಬ್ಬ ಮುದುಕ, ಎಲ್ಲವನ್ನೂ ಹೊತ್ತು ಅದು ನಮ್ಮ ಏರನ್ನು ಹತ್ತುವುದನ್ನು ನಾನೇ ನೋಡಿದ್ದೇನೆ. ಹತ್ತದ ಕಡೆ ಮುದುಕ ಇಳಿದು ಪಕ್ಕದಲ್ಲಿ ನಡೆಯುತ್ತಾನೆ. ಸಾಹಸದ ಬೈಕುಗಳ ಜಾಹೀರಾತು ಬರೆಯುವವರು ಒಂದು ಮಳೆಗಾಲ ಇಲ್ಲಿಗೆ ಬರಬೇಕು.

ಊದುವುದು ಮುಗಿಸಿ ಅವರು ಕೇಳಿದರು, “ಬೈಕು ರಾತ್ರಿ ಎಲ್ಲಿ ಮಲಗ್ತದೆ?”

ಬೆಂಗಳೂರಿನಲ್ಲಿ ಅಂದೆ.

“ಎಂತಕ್ಕೆ? ಅಲ್ಲಿ ಎಂತ ಕೆಸರುಂಟಾ?”

ಮುಂದಿನ ಮಾತನ್ನು ಅವರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ರಾತ್ರಿ ಬಸ್ಸು ಇದ್ದೇ ಇದೆ. ಮುನ್ನೂರೆಪ್ಪತ್ತು ಕಿಲೋಮೀಟರಿಗೆ ಬಸ್ಸು, ಐದಕ್ಕೆ ಬೈಕು. ಬೈಕು ಊರಲ್ಲಿದ್ದರೆ ಹೆದ್ದಾರಿಯ ಲೆಕ್ಕವೇ ಅಳಿಸಿಹೋಗುತ್ತದೆ. 12 ಹಲ್ಲು ಮತ್ತು ಗುಬ್ಬಿ ಟಯರು, ಎರಡೂ ಕಣ್ಣು ಮುಚ್ಚಿಕೊಂಡು. ಇಷ್ಟು ಸರಳ ಉತ್ತರ ಮೊದಲೇ ಯಾಕೆ ಬೇಡವಾಗಿತ್ತು ಅಂತ ವಾಪಸು ಬರುವ ಬಸ್ಸಿನಲ್ಲಿ ಕೂತು ಯೋಚಿಸಿದೆ. ಕಡೂರಿನ ಹತ್ತಿರ ಕತ್ತಲು, ಬೆಟ್ಟ ಕಾಣಲಿಲ್ಲ. ನನಗೆ ಬೇಕಾಗಿದ್ದದ್ದು ಬರೀ ಏರು ಹತ್ತುವ ಬೈಕಲ್ಲ, ಬೆಂಗಳೂರಿನಿಂದ ಯಾವ ಹೊತ್ತಿಗೂ ಹೊರಟುಬಿಡಬಹುದು ಅನ್ನುವ ಬೈಕು. ಬೈಕು ಅಮ್ಮನ ಅಂಗಳದಲ್ಲಿದ್ದರೆ ಅದು ನನ್ನದು ಹೇಗಾಗುತ್ತದೆ? ಇದು ಸಣ್ಣತನವಿರಬಹುದು. ಆದರೂ ತುಮಕೂರಿನ ತನಕ ಆ ಪ್ರಶ್ನೆ ಇತ್ತು.

ಶಿವಮೊಗ್ಗದಲ್ಲಿ ಕೊಂಡೆ. ಮೊದಲ ಸರ್ವಿಸು ಮುಗಿಯುವ ತನಕ ಏನನ್ನೂ ಮುಟ್ಟಲಿಲ್ಲ. ಮೇ ಕೊನೆಯಲ್ಲಿ ಅದೇ ಮೆಕ್ಯಾನಿಕ್ಕು 12ರ ಚಕ್ರ ತರಿಸಿ ಹಾಕಿದರು, ಅರ್ಧ ಗಂಟೆಯ ಕೆಲಸ. ಒಂದು ಹಲ್ಲು ಕಡಿಮೆಯಾದ್ದರಿಂದ ಚೈನು ಸಡಿಲವಾಗುತ್ತದೆ. ಹಿಂದಿನ ಗಾಲಿಯನ್ನು ಮೂರ್ನಾಲ್ಕು ಮಿಲಿಮೀಟರು ಹಿಂದಕ್ಕೆ ಸರಿಸಿ ಬಿಗಿ ಮಾಡಬೇಕು. ಸಣ್ಣ ಚಕ್ರದ ಸುತ್ತ ಚೈನು ಹೆಚ್ಚು ಬಾಗಬೇಕಾಗುವುದರಿಂದ ಎರಡೂ ಬೇಗ ಸವೆಯುತ್ತವೆ, ತಿಂಗಳಿಗೊಮ್ಮೆ ನೋಡು ಅಂದರು. ಟಯರು ಎರಡೂ ಗುಬ್ಬಿಯದ್ದೇ, ಆದರೆ ಅಳತೆ ಬದಲಿಸಲಿಲ್ಲ. ಗಳಿಸಿದ ಒಂದು ಹಲ್ಲಿನಲ್ಲಿ ಅರ್ಧ ಹಲ್ಲು ಟಯರಿಗೆ ಕೊಡಲು ನನಗೆ ಮನಸ್ಸಿರಲಿಲ್ಲ.

ಕಡ್ಡಿಯ ಗಾಲಿಯಾದ್ದರಿಂದ ಒಳಗೆ ಟ್ಯೂಬು ಇದೆ. ಕಡ್ಡಿಗಳು ರಿಮ್ಮನ್ನು ತೂರಿ ಹೋಗುತ್ತವೆ, ಆ ತೂತುಗಳಲ್ಲಿ ಗಾಳಿ ನಿಲ್ಲುವುದಿಲ್ಲ. ಕಡ್ಡಿಯಿದ್ದೂ ಟ್ಯೂಬಿಲ್ಲದ ಗಾಲಿಗಳನ್ನು ಹಿಮಾಲಯನ್ನಿಗೆ ಹೆಚ್ಚು ದುಡ್ಡು ಕೊಟ್ಟು ಪಡೆಯಬಹುದು. ನನ್ನದರಲ್ಲಿ ಪಂಕ್ಚರ್ ಆದರೆ ಗಾಲಿ ಬಿಚ್ಚಲೇಬೇಕು. ಎರಡು ಲಿವರು, ಸೋಪಿನ ನೀರು, ಒಂದು ಹಳೆಯ ಕಾಲೊರಸು ಇಟ್ಟುಕೊಂಡು ಅಂಗಳದಲ್ಲಿ ಕಲಿತೆ. ಮೊದಲ ಸಲ ಎರಡು ಗಂಟೆ ಹಿಡಿಯಿತು, ಕೊನೆಗೆ ಉಂಬಳವೊಂದು ಕಾಲಿನಿಂದ ತಾನಾಗಿ ಬಿದ್ದು ಹೋಗುವಷ್ಟು ಹೊತ್ತು. ಗಾಳಿ 20 ಪಿಎಸ್‌ಐ ಸುಮಾರಿಗೆ ಇಟ್ಟಿದ್ದೇನೆ. ಕಡಿಮೆ ಗಾಳಿಯಲ್ಲಿ ಟಯರು ಹರಡಿಕೊಂಡು ಕೆಸರನ್ನು ಚೆನ್ನಾಗಿ ಹಿಡಿಯುತ್ತದೆ. ಇನ್ನೂ ಇಳಿಸಿದರೆ ಟಯರು ರಿಮ್ಮಿನ ಮೇಲೆ ಜರುಗಿ ಟ್ಯೂಬಿನ ಕತ್ತನ್ನೇ ಹರಿಯುತ್ತದೆ. ಹೆದ್ದಾರಿಗೆ ಹೋಗಬೇಕಾದವರು ಪ್ರತಿ ಸಲ ಗಾಳಿ ಬಿಟ್ಟು ತುಂಬಿಸಿ ಒದ್ದಾಡಬೇಕು. ನನಗೆ ಆ ರಗಳೆ ಇಲ್ಲ.

ಅಮ್ಮ ಮೊದಲು ನೋಡಿದಾಗ ಕೇಳಿದ್ದು ಹಲ್ಲನ್ನೂ ಅಲ್ಲ, ಟಯರನ್ನೂ ಅಲ್ಲ. “ಇದಕ್ಕೆ ಹತ್ತೂದು ಹೆಂಗೆ?” ಅರವತ್ತೆಂಟು ವರ್ಷ, ಸೀರೆ, ಮಂಡಿ ನೋವು. ಯಾವ ಕೈಪಿಡಿಯಲ್ಲೂ ಇದಕ್ಕೆ ಉತ್ತರವಿಲ್ಲ. ಜಗಲಿಯ ಅಂಚಿಗೆ ತಾಗಿಸಿ ನಿಲ್ಲಿಸಿದರೆ ಅವಳು ನೇರ ಸೀಟಿನ ಮೇಲೆ ಕೂರಬಹುದು ಅಂತ ಎರಡು ದಿನದ ಪ್ರಯತ್ನದಲ್ಲಿ ಕಂಡುಕೊಂಡೆವು. ಒಂದು ಬದಿಗೆ ಕಾಲು ಹಾಕಿ ಕೂರುತ್ತಾಳೆ. ಭಾರವೆಲ್ಲ ಎಡಕ್ಕೆ. ಹಾಗೆ ಕೂತವರನ್ನು ಹೊತ್ತು ನಿಧಾನ ಹೋಗುವಾಗ ಬೈಕು ಜೊಲ್ಲು ಹೊಡೆಯುವುದು ಕ್ಲಚ್ಚು ಹಿಡಿದು ಬಿಟ್ಟು ಮಾಡುವಾಗ. 12 ಹಲ್ಲಿನಲ್ಲಿ ಕ್ಲಚ್ಚನ್ನು ಪೂರ್ತಿ ಬಿಟ್ಟು, ಪಕ್ಕದಲ್ಲಿ ಒಬ್ಬರು ಬೀಸು ನಡಿಗೆಯಲ್ಲಿ ಬರಬಹುದಾದಷ್ಟು ವೇಗದಲ್ಲಿ ಹೋಗುತ್ತೇನೆ. ಜೂನ್ ಕೊನೆಯಲ್ಲಿ, ಮೂರು ದಿನ ಬಿಡದೆ ಸುರಿದ ಮೇಲೆ, ಅವಳನ್ನು ಕೂರಿಸಿಕೊಂಡು ಗೋಳಿಮರದ ಏರು ಇಳಿದು, ಹಳ್ಳ ದಾಟಿ, ಡಾಂಬರಿನ ತನಕ ಹೋಗಿ ತಿರುಗಿ ಬಂದೆ. ಹತ್ತುವಾಗ ಎರಡು ಸಲ ಹಿಂದಿನ ಗಾಲಿ ಪಕ್ಕಕ್ಕೆ ಸರಿಯಿತು. ಅಮ್ಮ ನನ್ನ ಭುಜ ಹಿಡಿದದ್ದು ಇನ್ನೂ ನೋಯುತ್ತಿದೆ.

ನಾನಿಲ್ಲದ ದಿನ ಏನು ಅನ್ನುವುದಕ್ಕೆ ಈ ಬೈಕಿನಲ್ಲಿ ಉತ್ತರವಿಲ್ಲ. ಪಕ್ಕದ ಮನೆಯ ಹುಡುಗನಿಗೆ ಕೀಲಿ ಎಲ್ಲಿದೆ ಅಂತ ಹೇಳಿದ್ದೇನೆ. ಅವನು ಪಿಯುಸಿ ಮುಗಿಸಿದ್ದಾನೆ, ಲೈಸೆನ್ಸು ಇದೆ, ಮುಂದಿನ ವರ್ಷ ಅವನೂ ಬೆಂಗಳೂರಿಗೆ ಬರುತ್ತಾನಂತೆ.

ದೀಪಾವಳಿ ಕಳೆದು ದಾರಿ ಗಟ್ಟಿಯಾದ ಮೇಲೆ ಮತ್ತೆ 13 ಹಾಕಿಸಬೇಕು ಅಂತಿದ್ದೇನೆ. ಆಗ ಒಂದು ಸಲ ಹೆದ್ದಾರಿ ಹಿಡಿದು ಕಡೂರಿನ ತನಕವಾದರೂ ಹೋಗಿ ಬರುವ ಯೋಚನೆ ಇದೆ. ಬಿಚ್ಚಿದ ಹಳೆಯ ಚಕ್ರವನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೆ. ಹೋದ ವಾರ ನೋಡಿದರೆ ಅದು ಅಡುಗೆ ಮನೆಯಲ್ಲಿದೆ. ಎಣ್ಣೆ ಒರೆಸಿ, ತೊಳೆದು, ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಭಾರಕ್ಕೆ ಇಟ್ಟಿದ್ದಾಳೆ. ತುಕ್ಕು ಹಿಡಿಯುತ್ತದೆ ಅಂದೆ. ದೀಪಾವಳಿಗೆ ಕೊಡ್ತೇನೆ ಅಂದಳು.